ಮೊಸರು ಹೊತ್ತ ಬುಳ್ಳಯ್ಯನ ಓಟ

ಹತ್ತಿರ ಬಂದು ಕೂತ್ಕೊಳ್ಳಿ. ಆಕಳಿಸುವವರು ಈಗಲೇ ಆಕಳಿಸಿಬಿಡಿ, ಆಮೇಲೆ ನಾನು ಕಥೆ ನಿಲ್ಲಿಸೋದಿಲ್ಲ.

ಕುಂಬಳಾಪುರ ಅಂತ ಒಂದು ರಾಜ್ಯ. ಅಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜ. ಆನೆ ಪಳಗಿಸುವ ಗಂಡಸು, ಆದರೆ ಅಮ್ಮ ಹೆಪ್ಪು ಹಾಕಿದ ಮೊಸರಿಲ್ಲದೆ ಒಂದು ತುತ್ತೂ ಗಂಟಲಲ್ಲಿ ಇಳಿಯದು. ಅಮ್ಮನೋ ಬೆಟ್ಟದಾಚೆ ಗೋಪಿಕೆರೆಯಲ್ಲಿ ಮಗಳ ಮನೆಯಲ್ಲಿದ್ದಳು. ಅದಕ್ಕೇ ಆ ಊರಿನ ಬುಳ್ಳಯ್ಯನನ್ನು ಓಟಗಾರನಾಗಿ ಇಟ್ಟಿದ್ದರು.

ದಿನಾ ಬೆಳಿಗ್ಗೆ ರಾಜಮಾತೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬಿಟ್ಟು, ಮಡಿಕೆಯನ್ನು ಬುಳ್ಳಯ್ಯನ ತಲೆ ಮೇಲಿಡುವಳು. ಬುಳ್ಳಯ್ಯ ಹದವಾಗಿ ಓಡುವನು. ದೋಣಿಯವನ ಜೊತೆ ಎರಡು ಮಾತು. ಹುಣಸೆಮರದಡಿ ಎಲೆ ಅಡಿಕೆ. ಕುಂಬಾರಗೇರಿಯ ಮುದಿನಾಯಿಯ ತಲೆ ಸವರಿ ಮುಂದಕ್ಕೆ. ಸಂಜೆ ಅರಮನೆ ಮುಟ್ಟುವ ಹೊತ್ತಿಗೆ ಮೊಸರು ಗಟ್ಟಿ. ವಾಪಸ್ಸು ಹೋಗುವಾಗ ಅರಮನೆಯ ಎತ್ತಿನ ಗಾಡಿಯಲ್ಲಿ ನಿದ್ದೆ. ಮೊಸರನ್ನೂ ಗಾಡಿಯಲ್ಲೇ ತರಬಹುದಿತ್ತಲ್ಲ ಅನ್ನಬೇಡಿ, ಕುಲುಕಿದರೆ ಹೆಪ್ಪು ಕೂರೋದಿಲ್ಲ.

ಅರಮನೆಯ ಪಾರುಪತ್ತೇಗಾರ ನಂಜರಸ. ಅವನಿಗೊಬ್ಬ ಭಾಮೈದ, ಕೂತಲ್ಲೇ ಬೇರು ಬಿಡುವ ಸೋಮಾರಿ. ಓಟಗಾರನಿಗೆ ಸಂಜೆ ಎಲೆ ಹಾಕಿ ಹೋಳಿಗೆ ತುಪ್ಪ ಬಡಿಸುತ್ತಿದ್ದರು. ಆ ಎಲೆಗೆ ಭಾಮೈದನನ್ನು ಕೂರಿಸಬೇಕು ಅಂತ ನಂಜರಸನ ಆಸೆ.

ಯುಗಾದಿ ಮುಗಿದ ಮೇಲೆ ಅವನು ಬುಳ್ಳಯ್ಯನ ಕಿವಿ ಊದಿದ: “ರಾಜರು ನಿನ್ನನ್ನ ಆಮೆ ಅಂತಾರೆ ಕಣಯ್ಯ. ಇನ್ನೂ ಬೇಗ ಬರ್ಬೇಕಂತೆ.”

ಬುಳ್ಳಯ್ಯನಿಗೆ ಅವಮಾನವಾಯಿತು. ದೋಣಿಯವನ ಜೊತೆ ಮಾತು ಬಿಟ್ಟ. ಗೌರಿಹಬ್ಬದ ಹೊತ್ತಿಗೆ ಮಧ್ಯಾಹ್ನಕ್ಕೇ ಬಂದ. ಮಡಿಕೆ ತೆಗೆದರೆ ಮೊಸರಿಲ್ಲ, ಬರೀ ಹಾಲು!

“ಇನ್ನೂ ಬೇಗ!” ಅಂದ ನಂಜರಸ.

ಬುಳ್ಳಯ್ಯ ಎಲೆ ಅಡಿಕೆ ಬಿಟ್ಟ. ಗಾಳಿಗೆ ಅಡ್ಡ ಅಂತ ಮೀಸೆ ಬೋಳಿಸಿದ. ದೀಪಾವಳಿಗೆ ಬೆಳ್ಳಂಬೆಳಿಗ್ಗೆಯೇ ಬಂದ. ಮಡಿಕೆ ತೆಗೆದರೆ ಹಾಲೂ ಇಲ್ಲ, ಹಸಿ ಹುಲ್ಲು! ಎಮ್ಮೆ ಅದನ್ನಿನ್ನೂ ಮೇದಿರಲಿಲ್ಲ.

“ಇನ್ನೂ ಬೇಗ!” ಅಂದ ನಂಜರಸ.

ಬುಳ್ಳಯ್ಯ ನಾಯಿಯನ್ನು ಸವರುವುದು ಬಿಟ್ಟ. ಮನೆಯಲ್ಲಿ ಹೆಂಡತಿ “ಉಂಡ್ಯಾ?” ಅಂದರೆ “ಉಂ” ಅನ್ನುವನು, “ಡೆ” ಅನ್ನಲು ಪುರುಸೊತ್ತಿಲ್ಲ. ಹೊರಡುವ ಮೊದಲೇ ತಲುಪಬೇಕು, ಅದೇ ಈಗ ಅವನ ಗುರಿ. ಸಂಕ್ರಾಂತಿ ಹೊತ್ತಿಗೆ, ಹೊರಡುವ ಹಿಂದಿನ ದಿನವೇ ಬಂದುಬಿಟ್ಟ. ಮಡಿಕೆ ತೆಗೆದರೆ ಒಂದು ಎಮ್ಮೆ ಎದ್ದು ಬಂತು! ಅಷ್ಟು ದೊಡ್ಡ ಎಮ್ಮೆ ಮಡಿಕೆಯಲ್ಲಿ ಹೇಗಿತ್ತು ಅಂತ ನನ್ನನ್ನು ಕೇಳಬೇಡಿ. ಎಮ್ಮೆಗೂ ಗೊತ್ತಿರಲಿಲ್ಲ.

ರಾಜ ಹಸಿದು ಹಸಿದು ಸೊರಗಿದ್ದ. ಕಿರೀಟ ಜಾರಿ ಕುತ್ತಿಗೆಗೆ ಬಂದಿತ್ತು. “ಯುಗಾದಿಗೆ ಮೊಸರು ಬರದಿದ್ರೆ ಬುಳ್ಳಯ್ಯ ಊರು ಬಿಡ್ಬೇಕು!” ಅಂತ ಗುಡುಗಿದ.

“ನನ್ನ ಭಾಮೈದನೂ ಒಂದು ಮಡಿಕೆ ತರಲಿ, ಪ್ರಭೂ,” ಅಂದ ನಂಜರಸ. “ಯಾರು ಮೊಸರು ತರ್ತಾರೋ ಅವರಿಗೇ ಕೆಲಸ.”

ಬುಳ್ಳಯ್ಯ ಮನೆಗೆ ಬಂದು ಕೂತ. ಕೂತರೂ ಕಾಲು ಓಡುತ್ತಲೇ ಇತ್ತು. ನಿಧಾನ ಅನ್ನುವುದು ಅವನಿಗೆ ಮರೆತೇ ಹೋಗಿತ್ತು. ಹೆಂಡತಿ ಚಿಕ್ಕೀರಮ್ಮ ಅತ್ತಳು. “ಊರು ಬಿಡೋದಿರ್ಲಿ, ನೀನು ನನ್ನ ಬಿಟ್ಟೋಗಿ ಆಗ್ಲೇ ಆರು ತಿಂಗ್ಳಾಯ್ತು,” ಅಂದಳು. ಆಮೇಲೆ ಕಣ್ಣೊರೆಸಿಕೊಂಡು ತನ್ನ ತಾಯಿ ದ್ಯಾವಮ್ಮನನ್ನು ಕರೆಸಿ ಕಿವಿಯಲ್ಲಿ ಏನೋ ಹೇಳಿಕೊಟ್ಟಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ದಾರಿಯಲ್ಲಿ ಅತ್ತೆ ಮುಂದೆ ಹೋಗುತ್ತಿದ್ದರೆ ಅಳಿಯ ದಾಟಿ ಹೋಗುವಂತಿಲ್ಲ. ದಾಟಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಯುಗಾದಿಯ ಬೆಳಿಗ್ಗೆ ಇಬ್ಬರ ತಲೆ ಮೇಲೂ ಮಡಿಕೆ ಬಂತು. ಬುಳ್ಳಯ್ಯನ ಮುಂದೆ ದ್ಯಾವಮ್ಮ ಕೋಲೂರಿಕೊಂಡು ಹೊರಟಳು. ದೋಣಿಯವನ ಜೊತೆ ಮಾತಿಗೆ ನಿಂತಳು. ಹುಣಸೆಮರದಡಿ ಎಲೆ ಅಡಿಕೆಗೆ ಕೂತಳು.

“ಅತ್ತೇ, ಸ್ವಲ್ಪ ಬೇಗ...” ಅಂತ ಬುಳ್ಳಯ್ಯ ಗೋಗರೆದ.

“ನನ್ ಮಂಡಿ ನಿಮ್ಮಾತು ಕೇಳ್ತದಾ ಅಳಿಯಂದ್ರೇ?”

ಕುಂಬಾರಗೇರಿಯಲ್ಲಿ ಮತ್ತೆ ನಿಂತಳು. ಮುದಿನಾಯಿ ಕುಂಟುತ್ತಾ ಬಂದು ಬುಳ್ಳಯ್ಯನ ಪಾದ ಮೂಸಿತು. ಅದರ ಮೇಲೆ ತಲೆಯಿಟ್ಟು ಮಲಗಿತು. ಆಗ ನೋಡಿ, ತಿಂಗಳುಗಟ್ಟಲೆ ನಿಲ್ಲದ ಕಾಲು ನಿಂತಿತು. ಬುಳ್ಳಯ್ಯನ ಕಣ್ಣು ತುಂಬಿ ಬಂತು. ಮೆಲ್ಲಗೆ ಮಂಡಿಯೂರಿ, ಮಡಿಕೆ ಅಲುಗದ ಹಾಗೆ, ನಾಯಿಯ ತಲೆ ಸವರಿದ.

ಸಂಜೆ ಅರಮನೆಯಲ್ಲಿ ಮಡಿಕೆ ತೆಗೆದರೆ ಚಮಚ ನಿಲ್ಲುವಂಥ ಮೊಸರು! ರಾಜ ಅಳುತ್ತಾ ಉಂಡ. ಭಾಮೈದ ಗೋಪಿಕೆರೆಯ ಊರಬಾಗಿಲಲ್ಲೇ ಮಲಗಿದ್ದ, ಅವನ ಮಡಿಕೆ ಬೆಕ್ಕಿನ ಪಾಲಾಗಿತ್ತು.

ದ್ಯಾವಮ್ಮ ಸೆರಗಿನಡಿಯಿಂದ ಒಂದು ಬಟ್ಟಲು ತೆಗೆದಳು. “ಪ್ರಭೂ, ನನ್ ಮಗ್ಳು ಕೆನೆಮೊಸ್ರು ಕಳಿಸವ್ಳೆ. ಬೇಗ ಓಡು ಬೇಗ ಓಡು ಅಂತ ವರ್ಸೆಲ್ಲ ನನ್ನಳಿಯಂಗೆ ಬುದ್ಧಿ ಹೇಳಿದ್ ಪುಣ್ಯಾತ್ಮರಿಗೆ ಕೊಡ್ಬೇಕಂತೆ. ಯಾರಪ್ಪ ಅದು?”

ಕೆನೆ ನೋಡಿ ನಂಜರಸನ ಬಾಯಲ್ಲಿ ನೀರೂರಿತು. “ನಾನೇ! ನಾನೇ!” ಅಂತ ಕೈ ಚಾಚಿದ.

ರಾಜನ ಕೈ ತುತ್ತಿನಲ್ಲೇ ನಿಂತಿತು. “ನಾನು ಕೇಳಿದ್ದು ಮೊಸರು. ಬೇಗ ಅಂತ ಯಾವತ್ತು ಕೇಳಿದ್ದೆ?”

ನಂಜರಸ ಚಾಚಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಬುಳ್ಳಯ್ಯನ ಕೆಲಸ ಉಳಿಯಿತು, ಮೀಸೆಯೂ ಮತ್ತೆ ಬಂತು. ನಂಜರಸನಿಗೆ ಒಂದೇ ಶಿಕ್ಷೆ: “ಆ ಎಮ್ಮೆಯನ್ನ ಅದೇ ಮಡಿಕೆಯಲ್ಲಿ ಹಾಕಿ, ನಮ್ಮಮ್ಮನಿಗೆ ವಾಪಸ್ಸು ಕೊಟ್ಟು ಬಾ. ಅಲ್ಲಿವರೆಗೂ ನಿನಗಿಲ್ಲಿ ಎಲೆಯಿಲ್ಲ.”

ಅವನು ಈಗಲೂ ಹಾಕುತ್ತಲೇ ಇದ್ದಾನೆ. ಹಿಂಗಾಲು ಒಳಗೆ ಹೋದರೆ ಮುಂಗಾಲು ಹೊರಗೆ.

ಅದಕ್ಕೇ ಹೇಳ್ತೀನಿ, ಪರರ ಅನ್ನಕ್ಕೆ ಆಸೆಪಟ್ಟು ಸುಳ್ಳು ಹೇಳಬೇಡಿ. ಮತ್ತೆ, ಓಡುವುದಾದರೆ ಓಡಿ ಮಕ್ಕಳೇ, ಆದರೆ ತಲೆ ಮೇಲೆ ಏನು ಹೊತ್ತಿದ್ದೀವಿ ಅನ್ನೋದನ್ನು ಮರೆತು ಓಡಬೇಡಿ.