ಎಲ್ಲರಿಗೂ ತೆರೆದಿದ್ದ ಫೋಲ್ಡರ್

ಶಿಷ್ಯೆ ಕೇಳಿದಳು: "ಮೇಷ್ಟ್ರೇ, ಒಂದು ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದರಲ್ಲಿರುವ ಫೋಲ್ಡರನ್ನು ಇನ್ನೊಂದರಿಂದ ತೆರೆಯಬೇಕು. ಎಲ್ಲರಿಗೂ ಅನುಮತಿ ಕೊಟ್ಟಾಗಿದೆ. ಆದರೂ ಒಬ್ಬರಿಗೆ ಮಾತ್ರ ತೆರೆಯುವುದಿಲ್ಲ. ಕೇಬಲ್ ನೋಡಿದೆ, ಪಾಸ್‌ವರ್ಡ್ ನೋಡಿದೆ, ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಇಂಥ ಕಡೆ ಮೊದಲು ನೋಡಬೇಕಾದದ್ದು ಏನು?"

ಗುರು ಕಂಪ್ಯೂಟರ್ ರಿಪೇರಿ ಕಲಿಸುವವರು. ತಾವೇ ಮನೆಗಳಿಗೆ ಹೋಗುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಲಗ್ನಪತ್ರಿಕೆ ಅಚ್ಚು ಹಾಕುವುದು ಅವರ ಕಸುಬು. ಒಂದೇ ಮನೆ, ಎರಡು ಒಲೆ. ಅಣ್ಣ ನಡುಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪತ್ರಿಕೆಯ ಅಕ್ಷರ ಜೋಡಿಸುತ್ತಿದ್ದ. ತಮ್ಮ ಹಿತ್ತಲಿನ ಷೆಡ್ಡಿನಲ್ಲಿ, ತನ್ನ ಕಂಪ್ಯೂಟರಿನಿಂದ ಅದನ್ನು ತೆರೆದು ಅಚ್ಚು ಹಾಕುತ್ತಿದ್ದ. ನಡುವೆ ಒಂದು ಕೇಬಲ್, ಹತ್ತು ಹೆಜ್ಜೆ ಅಂಗಳ.

ಅಣ್ಣನ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇದ್ದವು. ಒಂದರ ಹೆಸರು ಗಿರಾಕಿ. ಅದರಲ್ಲಿ ಊರವರ ಮದುವೆಗಳು. ಇನ್ನೊಂದರ ಹೆಸರು ಮನೆ. ಅದರಲ್ಲಿ ಮನೆಯ ಕಾಗದಪತ್ರ. ಅಣ್ಣ ಯಾವ ಕಾಗದವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಸ್ಕ್ಯಾನ್ ಮಾಡಿ ಮನೆ ಫೋಲ್ಡರಿಗೆ ಹಾಕಿ, ಕಾಗದವನ್ನು ರದ್ದಿಯವನಿಗೆ ಕೊಟ್ಟುಬಿಡುತ್ತಿದ್ದ. ಕಾಗದದ ಮೇಲೆ ಬದುಕುವವನಿಗೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ.

ಒಮ್ಮೆ ಪರ ಊರಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟಾಗ ಅಣ್ಣನಿಗೆ ಉಸಿರು ಕಟ್ಟಿತ್ತು. ಬದುಕಿದ್ದೇ ಹೆಚ್ಚು. ಇದನ್ನು ಈ ಮನುಷ್ಯನಿಗೆ ಮತ್ತೆ ಕೊಡಕೂಡದು ಎಂದು ಅಲ್ಲಿಯ ಡಾಕ್ಟರು ಇಂಜೆಕ್ಷನ್ನಿನ ಹೆಸರು ಬರೆದು ಚೀಟಿ ಕೊಟ್ಟಿದ್ದರು. ಆ ಚೀಟಿಯೂ ಸ್ಕ್ಯಾನ್ ಆಗಿ ಮನೆ ಫೋಲ್ಡರಿಗೆ ಹೋಯಿತು.

ಅಣ್ಣನ ಮಗಳ ಮದುವೆ ಗೊತ್ತಾಯಿತು. ಮಗಳ ಪತ್ರಿಕೆಯನ್ನು ಅಣ್ಣ ಗಿರಾಕಿಯಲ್ಲಿ ಇಡಲಿಲ್ಲ, ಮನೆ ಫೋಲ್ಡರಿನಲ್ಲಿ ಇಟ್ಟ. ಪತ್ರಿಕೆಯ ಕೊನೆಗೆ 'ತಮ್ಮ ಸುಖಾಗಮನ ಬಯಸುವವರು' ಎಂದು ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ, ಯಾರದು ಯಾರ ಕೆಳಗಿದೆ ಎಂಬುದರ ಮೇಲೆ ಎಷ್ಟೋ ಮನೆಗಳು ಮುರಿದಿವೆ. ಊರಿಗೆಲ್ಲ ಆ ಪಟ್ಟಿ ಅಚ್ಚು ಹಾಕಿಕೊಟ್ಟವರಿಗೆ ಇದು ಗೊತ್ತಿರಬೇಕಿತ್ತು. ತಮ್ಮನಿಗೆ ಒಬ್ಬ ಭಾವ, ಹೆಂಡತಿಯ ಕಡೆಯವನು. ಆ ಭಾವನಿಗೂ ಅಣ್ಣನಿಗೂ ಮಾತಿರಲಿಲ್ಲ. ಅಣ್ಣ ಅವನ ಹೆಸರನ್ನು ಹಾಕಲಿಲ್ಲ. ತಮ್ಮ ಷೆಡ್ಡಿನಲ್ಲಿ ಕೂತು ಫೈಲ್ ತೆರೆದ. ಭಾವನ ಹೆಸರನ್ನು ಸೇರಿಸಿದ. ಐನೂರು ಪ್ರತಿ ಅಚ್ಚು ಹಾಕಿದ.

ಗಂಡಿನ ಮನೆಯವರು ಪತ್ರಿಕೆ ಓದಿ, "ಇವರು ಯಾರು, ಮಾತುಕತೆಗೆ ಬಂದಿರಲೇ ಇಲ್ಲವಲ್ಲ" ಎಂದು ಕೇಳಿದ ಮೇಲೆಯೇ ಅಣ್ಣನಿಗೆ ತಿಳಿದದ್ದು.

ಅಣ್ಣ ತಮ್ಮನನ್ನು ಬೈಯಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಮನೆ ಫೋಲ್ಡರಿನ ಅನುಮತಿ ಪಟ್ಟಿ ತೆರೆದ. ಅಲ್ಲಿ ಪ್ರತಿ ಹೆಸರಿಗೂ ಎರಡು ಸಾಲು ಚೌಕಗಳಿರುತ್ತವೆ. ಒಂದು ಸಾಲು ಬಿಡುವುದಕ್ಕೆ, ಇನ್ನೊಂದು ತಡೆಯುವುದಕ್ಕೆ. ಪಟ್ಟಿಗೆ ತಮ್ಮನ ಹೆಸರನ್ನು ಸೇರಿಸಿ, ತಡೆಯುವ ಸಾಲಿನಲ್ಲಿ ಟಿಕ್ ಹಾಕಿದ.

ಮದುವೆ ನಡೆಯಿತು. ಕಸುಬೂ ನಡೆಯಿತು. ಗಿರಾಕಿ ಫೋಲ್ಡರ್ ಮೊದಲಿನಂತೆ ತೆರೆಯುತ್ತಿತ್ತು. ಮಾತು ಮಾತ್ರ ನಿಂತಿತು. ಹಳದಿ ಕಾಗದ ಇನ್ನೂರು ಪ್ರತಿ ಎಂದು ಅಣ್ಣ ಫೈಲಿಗೆ ಹೆಸರಿಡುವನು. ಹಳದಿ ಇಲ್ಲ ಕೆನೆಬಣ್ಣ ಆಗಬಹುದೇ ಎಂದು ತಮ್ಮ ಆ ಹೆಸರನ್ನು ಬದಲಿಸುವನು. ನಾಲ್ಕು ವರ್ಷ ಅವರು ಫೈಲಿನ ಹೆಸರುಗಳಲ್ಲೇ ಮಾತಾಡಿದರು.

ಐದನೆಯ ವರ್ಷ ತಾಯಿ ತೀರಿಕೊಂಡಳು. ಹೆಣಕ್ಕೆ ಇಬ್ಬರೂ ಹೆಗಲು ಕೊಡಬೇಕಾಯಿತು. ಮುಂದಿನ ಕೊನೆ ಅಣ್ಣನದು, ಹಿಂದಿನ ಕೊನೆ ತಮ್ಮನದು. "ನಿಧಾನ ಕಣೋ" ಎಂದ ಅಣ್ಣ. "ಹೂಂ" ಎಂದ ತಮ್ಮ. ಅಲ್ಲಿಂದ ಮಾತು ಶುರುವಾಯಿತು.

ತಿಥಿ ಮುಗಿದ ದಿನ ಅಣ್ಣ ಮತ್ತೆ ಆ ಪಟ್ಟಿ ತೆರೆದ. ಎಲ್ಲರೂ ಎಂಬ ಹೆಸರನ್ನು ಸೇರಿಸಿ, ಬಿಡುವ ಸಾಲಿನ ಚೌಕಗಳಿಗೆಲ್ಲ ಟಿಕ್ ಹಾಕಿದ. ಪಟ್ಟಿಯಲ್ಲಿ ತಮ್ಮನ ಹೆಸರೂ ಕಾಣುತ್ತಿತ್ತು. ಇವನೂ ಇದ್ದಾನೆ, ಸರಿ ಎಂದುಕೊಂಡ. ಆ ಹೆಸರನ್ನು ಒತ್ತಿದರೆ ಮಾತ್ರ ಅದರ ಟಿಕ್ ಯಾವ ಸಾಲಿನಲ್ಲಿದೆ ಎಂದು ಕಾಣುತ್ತದೆ. ಅಣ್ಣ ಒತ್ತಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸವನ್ನು ಅವನು ನಿಜವಾಗಿಯೂ ಮರೆತಿದ್ದ.

ಅಂಗಳಕ್ಕೆ ಬಂದು ಹೇಳಿದ: "ಮನೆ ಫೋಲ್ಡರ್ ತೆರೆದಿಟ್ಟಿದ್ದೀನಿ ಕಣೋ. ನಾಳೆ ನನಗೇನಾದರೂ ಆದರೆ ಎಲ್ಲ ಅಲ್ಲೇ ಇದೆ."

"ನಿನಗೇನಾಗುತ್ತೆ ಬಿಡಣ್ಣ. ನಮ್ಮನ್ನೆಲ್ಲ ಸಾಗಹಾಕಿಯೇ ನೀನು ಹೋಗೋದು" ಎಂದ ತಮ್ಮ. ಇಬ್ಬರೂ ನಕ್ಕರು.

ಮರುದಿನ ತಮ್ಮ ಷೆಡ್ಡಿನಲ್ಲಿ ಕೂತು ಮನೆ ಫೋಲ್ಡರನ್ನು ಒತ್ತಿದ. ನಿಮಗೆ ಅನುಮತಿ ಇಲ್ಲ, ಸಂಬಂಧಪಟ್ಟವರನ್ನು ಕೇಳಿ ಎಂದು ಬಂತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಗಿರಾಕಿ ತೆರೆಯಿತು. ಮನೆ ತೆರೆಯಲಿಲ್ಲ. ದೋಷ ತಂತಿಯಲ್ಲಿಲ್ಲ ಎಂದು ಗೊತ್ತಾದ ಮೇಲೆ, ದೋಷ ಮನುಷ್ಯನಲ್ಲಿದೆ ಎಂದು ಅವನು ತೀರ್ಮಾನಿಸಿದ.

ಹೆಂಡತಿ ಹೇಳಿದಳು: "ಹೋಗಿ ಕೇಳಬಾರದೇ? ಹತ್ತು ಹೆಜ್ಜೆ. ಚಪ್ಪಲಿ ಕೂಡ ಬೇಡ."

"ಕೊಟ್ಟೆ ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಕೊಡದವನನ್ನ ಏನಂತ ಕೇಳಲಿ?" ಎಂದ ತಮ್ಮ. "ನಗ್ತಾ ನಗ್ತಾ ಹೇಳಿದ ಕಣೇ. ನಾನೂ ನಕ್ಕೆ."

ಅವನು ಕೇಳಲಿಲ್ಲ. ಅಣ್ಣ ಕಾದು ನೋಡಿದ. ತಮ್ಮ ಆ ಫೋಲ್ಡರಿನ ಸುದ್ದಿಯನ್ನೇ ಎತ್ತಲಿಲ್ಲ. ತೆರೆದಿಟ್ಟರೂ ಬಂದು ನೋಡಲಿಲ್ಲ, ಇವನ ಸಿಟ್ಟು ಇನ್ನೂ ಹೋಗಿಲ್ಲ ಎಂದುಕೊಂಡ. ಅವನೂ ಕೇಳಲಿಲ್ಲ. ಎರಡು ವರ್ಷ ಇಬ್ಬರೂ ಊಟವಾಯಿತೇ ಎಂದು ವಿಚಾರಿಸಿಕೊಂಡು ಬದುಕಿದರು.

ಒಂದು ದಿನ ಕಾಗದ ಕತ್ತರಿಸುವಾಗ ಅಣ್ಣನ ಹೆಬ್ಬೆರಳಿಗೆ ಗಾಯವಾಯಿತು. ಅವನು ಲೆಕ್ಕಿಸಲಿಲ್ಲ. ಗಾಯ ಕೀವಾಯಿತು. ಐದನೆಯ ದಿನ ಬೆಳಿಗ್ಗೆ ಜ್ವರ ನೆತ್ತಿಗೇರಿ ಎಚ್ಚರ ತಪ್ಪಿತು. ತಮ್ಮನೇ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ.

ನಂಜು ರಕ್ತಕ್ಕೆ ಏರಿದೆ, ತಕ್ಷಣ ಇಂಜೆಕ್ಷನ್ ಕೊಡಬೇಕು, ಆಗದಿರುವ ಔಷಧಿ ಯಾವುದಾದರೂ ಇದೆಯೇ ಎಂದು ಡಾಕ್ಟರು ಕೇಳಿದರು. ಅಣ್ಣನ ಹೆಂಡತಿ ಹೇಳಿದಳು: "ಒಂದು ಆಗೋದಿಲ್ಲ ಸಾರ್. ಕೊಟ್ಟರೆ ಉಸಿರೇ ನಿಲ್ಲುತ್ತೆ. ಹೆಸರು ನನಗೆ ಬಾಯಿಗೆ ಬರೋದಿಲ್ಲ. ಚೀಟಿ ಕಂಪ್ಯೂಟರಲ್ಲಿದೆ."

ತಮ್ಮ ಮನೆಗೆ ಓಡಿದ. ಅಣ್ಣನ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದವನು ಒಬ್ಬನೇ, ಅವನಿಗೆ ಎಚ್ಚರವಿರಲಿಲ್ಲ. ಷೆಡ್ಡಿಗೆ ಓಡಿ ತನ್ನ ಕಂಪ್ಯೂಟರಿನಿಂದ ಮನೆ ಫೋಲ್ಡರನ್ನು ಒತ್ತಿದ. ಅದೇ ಮಾತು ಬಂತು. ಮತ್ತೆ ಒತ್ತಿದ. ಫೋನು ಬಂತು.

"ಸಿಕ್ತೇನೋ?" ಎಂದಳು ಅತ್ತಿಗೆ.

"ನನಗೆ ಬಿಡ್ತಾ ಇಲ್ಲ ಅತ್ತಿಗೆ."

"ಬಿಡದೆ ಏನು? ಎಲ್ಲರಿಗೂ ಕೊಟ್ಟಿದ್ದೀನಿ ಅಂತ ಅವರೇ ಹೇಳಿದ್ರಲ್ಲ."

"ನನಗೆ ಕೊಟ್ಟಿಲ್ಲ. ಎರಡು ವರ್ಷದಿಂದ ಬಿಟ್ಟಿಲ್ಲ."

"ಎರಡು ವರ್ಷದಿಂದ ಗೊತ್ತಿತ್ತಾ ನಿನಗೆ?" ಎಂದಳು ಅವಳು.

ಡಾಕ್ಟರು ಮುಕ್ಕಾಲು ಗಂಟೆ ಕಾದರು. ಜ್ವರ ಕಾಯಲಿಲ್ಲ. ಕೈಯಲ್ಲಿದ್ದ ಔಷಧಿಗಳಲ್ಲಿ ಅಪಾಯ ಕಡಿಮೆ ಎಂದು ತೋರಿದ್ದನ್ನು ಆರಿಸಿ ಕೊಟ್ಟರು. ಅದು ಚೀಟಿಯಲ್ಲಿದ್ದ ಔಷಧಿಯೇ ಆಗಿತ್ತು. ಹನ್ನೊಂದೂವರೆಗೆ ಅಣ್ಣ ತೀರಿಕೊಂಡ.

ವೈಕುಂಠ ಸಮಾರಾಧನೆ ಮುಗಿದ ಮರುದಿನ, ಅಣ್ಣನ ಕಂಪ್ಯೂಟರ್ ತೆರೆಯಲು ಒಬ್ಬ ರಿಪೇರಿಯವನನ್ನು ಕರೆಸಿದರು. ಚುರುಕು ಕೈ. ಹತ್ತು ನಿಮಿಷದಲ್ಲಿ ಪಾಸ್‌ವರ್ಡ್ ತೆಗೆದ. ಮನೆ ಫೋಲ್ಡರ್ ತೆರೆದ. ಚೀಟಿ ಮೇಲೆಯೇ ಇತ್ತು. ಹಿತ್ತಲಿನ ಕಂಪ್ಯೂಟರಿಗೆ ಇದು ಯಾಕೆ ತೆರೆಯಲಿಲ್ಲ ಎಂದು ಅವನಿಗೆ ಕುತೂಹಲವಾಯಿತು. ಅನುಮತಿ ಪಟ್ಟಿಗೆ ಹೋಗಿ ಒಂದೊಂದೇ ಹೆಸರನ್ನು ಒತ್ತುತ್ತ ಬಂದ. ತಮ್ಮನ ಹೆಸರನ್ನು ಒತ್ತಿದ. ಸಿಕ್ಕಿತು.

"ಬನ್ನಿ ಸ್ವಾಮಿ, ನೋಡಿ" ಎಂದು ತಮ್ಮನನ್ನು ಕರೆದ. "ನಿಮ್ಮಣ್ಣ ಎಲ್ಲರಿಗೂ ಪೂರಾ ಬಿಟ್ಟಿದ್ದಾರೆ. ನಿಮ್ಮ ಹೆಸರಿನ ಮುಂದೆ ಯಾವುದೋ ಕಾಲದ ಒಂದು ತಡೆ ಉಳಿದುಕೊಂಡಿದೆ. ಒಂದು ತಡೆ ಇದ್ದರೆ ನೂರು ಅನುಮತಿ ಇದ್ದರೂ ನಡೆಯೋದಿಲ್ಲ. ಮನೆಗೆ ಬಂದ ನೆಂಟರ ಹೆಸರಲ್ಲಿ ಹೋಗಿದ್ದರೂ ತೆರೀತಿತ್ತು, ನಿಮ್ಮ ಹೆಸರಿಗೆ ಮಾತ್ರ ಇಲ್ಲ."

"ಬೇಕೂಂತಲೇ ಇಟ್ಟಿದ್ದಲ್ಲವಾ?" ಎಂದು ತಮ್ಮ ಕೇಳಿದ.

"ತಡೀಬೇಕು ಅನ್ನೋರು ಎಲ್ಲರಿಗೂ ಯಾಕೆ ಬಿಡ್ತಾರೆ ಸ್ವಾಮಿ? ತೆಗೆಯೋದು ಮರೆತಿದ್ದಾರೆ, ಅಷ್ಟೇ. ತೆರೀತಾ ಇಲ್ಲ ಅಂತ ನೀವು ಒಂದು ಮಾತು ಹೇಳಿದ್ದರೆ ಅರ್ಧ ನಿಮಿಷದ ಕೆಲಸ."

ಕೆಲಸ ಕೂಡಿಬಂದ ಖುಷಿಯಲ್ಲಿ ಅವನು ಇದನ್ನೆಲ್ಲ ಹೇಳಿದ. ಬಾಗಿಲಲ್ಲಿ ಅಣ್ಣನ ಹೆಂಡತಿ ನಿಂತಿದ್ದಳು. ಅವನು ಅವಳನ್ನು ನೋಡಿರಲಿಲ್ಲ. ಆ ಟಿಕ್ ತೆಗೆದ. ಷೆಡ್ಡಿಗೆ ಹೋಗಿ ತಮ್ಮನ ಕಂಪ್ಯೂಟರಿನಿಂದ ಮನೆ ಫೋಲ್ಡರನ್ನು ಒತ್ತಿದ. ತೆರೆಯಿತು. "ಆಯಿತು ಸ್ವಾಮಿ" ಎಂದ.

ಅಣ್ಣ ತನ್ನನ್ನು ಕೊನೆಯವರೆಗೂ ಹೊರಗಿಟ್ಟ ಎಂಬ ಸಿಟ್ಟೊಂದು ತಮ್ಮನಲ್ಲಿತ್ತು. ಹದಿಮೂರು ದಿನ ಅವನನ್ನು ಎದ್ದು ಓಡಾಡುವಂತೆ ಇಟ್ಟಿದ್ದು ಅದೇ. ಈಗ ಅದೂ ಇರಲಿಲ್ಲ. ಮರುದಿನದಿಂದ ಅವನು ಅಚ್ಚಿನ ಯಂತ್ರ ಮುಟ್ಟಲಿಲ್ಲ. ಅತ್ತಿಗೆ ಅವನ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ವಾರ ಅವನು ಮನೆಯಿಂದ ಹೊರಟ. ಹೆಂಡತಿಗೂ ಹೇಳಲಿಲ್ಲ. ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆ ರಿಪೇರಿಯವನೂ ಆಮೇಲೆ ಯಾರ ಮನೆಗೂ ಹೋಗಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

"ಅರ್ಥವಾಯಿತು ಮೇಷ್ಟ್ರೇ. ಮೊದಲು ಪಟ್ಟಿಯಲ್ಲಿರುವ ಒಂದೊಂದು ಹೆಸರನ್ನೂ ಒತ್ತಿ ನೋಡಬೇಕು" ಎಂದಳು ಶಿಷ್ಯೆ.

ಗುರು ಹೇಳಿದರು: "ಅದಕ್ಕೂ ಮೊದಲು, ಕೋಣೆಯಲ್ಲಿ ಯಾರು ಯಾರು ನಿಂತಿದ್ದಾರೆ ನೋಡು."