ತೊರೆಹಾಳದ ಹಿರಿಯರು ಗುಡ್ಡ ಹತ್ತಿದ್ದು

ಶ್ರೀ ನಿರಾಲಂಬ ಸ್ವಾಮಿಗಳು ಆ ವರ್ಷ ಕೃಷ್ಣೆಯ ದಂಡೆಯಲ್ಲಿ, ಅಂಬಿಗರು ಹರಿಗೋಲು ಕಟ್ಟುವ ಚಪ್ಪರದಡಿ ತಂಗಿದ್ದರು. ಹಾಸಲು ಒಂದು ಗೋಣಿತಾಟು, ಉಣ್ಣಲು ಯಾರಾದರೂ ತಂದಿತ್ತ ರೊಟ್ಟಿ. ಭಕ್ತರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ತೊರೆಹಾಳದ ಅಂಬಿಗರ ಹಿರಿಯ ಹುಲಿಗೆಪ್ಪ ಅಲ್ಲಿಗೆ ಬಂದ. ಮೂವತ್ತು ವರ್ಷ ಊರು ಅವನ ಮಾತಿನಂತೆ ನಡೆದಿತ್ತು. ಈಗ ಅವನ ಮಗಳು ದ್ಯಾಮವ್ವ ಪಂಚಾಯ್ತಿ ಅಧ್ಯಕ್ಷೆ. ಹೊಳೆ ದಂಡೆಯನ್ನು ಕೊರೆಯುತ್ತಿದೆ, ಮಳೆ ಹಿಡಿಯುವ ಮುನ್ನ ಊರೆಲ್ಲ ಗುಡ್ಡಕ್ಕೆ ಹೋಗಬೇಕು ಎಂಬುದು ಅವಳ ಹಟ. ಆದರೆ ಜನ ಹುಲಿಗೆಪ್ಪನ ಮುಖ ನೋಡಿಕೊಂಡು ಕದಲದೆ ಕುಳಿತಿದ್ದರು.

"ಅಜ್ಜಾರ, ನಾವು ಹೊಳಿ ಮಂದಿ. ಗುಡ್ಡ ಹತ್ತಿದ್ರ ನಾವ್ಯಾರು? ನಮ್ಮ ಹಿರ್ಯಾರು ಈ ದಂಡ್ಯಾಗ ಮಣ್ಣಾಗ್ಯಾರ. ಅವರನ್ನ ಬಿಟ್ಟು ಹ್ಯಾಂಗ ಹೋಗೂದು? ನನ್ನ ಮಗಳಿಗೆ ನೀವ ನಾಕು ಮಾತು ಹೇಳ್ರಿ," ಎಂದ. ದನಿಯಲ್ಲಿ ಭಕ್ತಿಗಿಂತ ಸವಾಲೇ ಹೆಚ್ಚಿತ್ತು.

ಸ್ವಾಮಿಗಳು ದಂಡೆಯ ಮೇಲಿನ ಸಮಾಧಿಗಳತ್ತ ಕೈ ತೋರಿದರು. "ಹಿರ್ಯಾರು ಎಲ್ಲದಾರ, ನೋಡಿ ಬಾ," ಎಂದಷ್ಟೇ ನುಡಿದರು.

ಹುಲಿಗೆಪ್ಪ ಸಮಾಧಿಗಳತ್ತ ನಡೆದ. ನೆತ್ತಿಯ ಮೇಲೆ ಸೂರ್ಯ. ಒಂದು ಹಕ್ಕಿಯ ಸದ್ದಿಲ್ಲ. ನೀರು ಹರಿಯುತ್ತಿತ್ತು, ಅದರ ಸಪ್ಪಳ ಕೇಳುತ್ತಿರಲಿಲ್ಲ. ಸುಡುವ ಮರಳಿನ ಮೇಲೆ ನೂರಾರು ಒದ್ದೆ ಹೆಜ್ಜೆಗಳು! ಸಮಾಧಿಗಳ ಬುಡದಿಂದಲೇ ಹೊರಟು ಸಾಲಾಗಿ ಗುಡ್ಡದತ್ತ ಹೋಗಿದ್ದವು. ಮುದುಕರವು, ಹೆಂಗಸರವು, ಆಗತಾನೆ ನಡೆ ಕಲಿತ ಕೂಸುಗಳವು. ಮನುಷ್ಯರ ಸುಳಿವಿಲ್ಲ. ನೋಡುತ್ತಿದ್ದಂತೆಯೇ ಅವನ ಮುಂದೆ ಇನ್ನೊಂದು ಹೆಜ್ಜೆ ಮೂಡಿತು. ಎಡಗಾಲಿನದು; ಹೆಬ್ಬೆರಳಿಲ್ಲ. ಮೊಸಳೆಯ ಬಾಯಿಗೆ ಆ ಬೆರಳು ಕಳೆದುಕೊಂಡಿದ್ದ ಅವನ ಅಪ್ಪ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಹೆಜ್ಜೆ ಅವನೆದುರು ಅರೆಗಳಿಗೆ ನಿಂತು, ತಿರುಗಿ ಗುಡ್ಡದ ಕಡೆಗೆ ಹೊರಟಿತು.

ಹುಲಿಗೆಪ್ಪ ಓಡಿ ಬಂದು ಸ್ವಾಮಿಗಳ ಪಾದ ಹಿಡಿದ. "ಹೋಗ್ಯಾರ್ರಿ ಅಜ್ಜಾರ... ಎಲ್ಲಾರೂ ಹೋಗ್ಯಾರ."

"ಮತ್ತ ನೀ ಯಾರನ್ನ ಕಾಯಾಕ ಕುಂತೀ?" ಎಂದರು ಸ್ವಾಮಿಗಳು.

ಅವನು ನೇರವಾಗಿ ಮಗಳ ಬಳಿಗೆ ಹೋದ. ಪಂಚಾಯ್ತಿ ಕಟ್ಟೆಯಲ್ಲಿ ಜನ ನೆರೆದಿದ್ದರು. ಎಲ್ಲರೆದುರು, "ದ್ಯಾಮವ್ವಾ, ನಂದ ತಪ್ಪಾತು. ಯಾವಾಗ ಹೊರಡೂದು, ನೀ ಹೇಳು," ಎಂದ.

ದ್ಯಾಮವ್ವ ತಂದೆಯ ಕೈ ಹಿಡಿದಳು. "ಇವತ್ತ, ಅಪ್ಪಾ. ನೀ ಮುಂದ ನಡಿ. ನಿನ್ನ ಹಿಂದ ಎಲ್ಲಾರೂ ಬರ್ತಾರ."

ಹಾಗೆಯೇ ಬಂದರು. ಸ್ವಾಮಿಗಳು ಚಪ್ಪರ ಬಿಟ್ಟು ಎದ್ದುದನ್ನು ಯಾರೂ ಕಂಡಿರಲಿಲ್ಲ. ಜನ ಗುಡ್ಡ ತಲುಪಿದಾಗ ಅವರು ಆಗಲೇ ಅಲ್ಲಿನ ಬಂಡೆಯ ಮೇಲೆ ಕುಳಿತಿದ್ದರು.

ಮೂರನೆಯ ದಿನ ಹೊಳೆ ತೊರೆಹಾಳವನ್ನು ನುಂಗಿತು. ಒಂದು ಕರುವೂ ಸಾಯಲಿಲ್ಲ. ಹುಲಿಗೆಪ್ಪ ಗುಡ್ಡದ ಮೇಲೆ ಇನ್ನೂ ಹನ್ನೊಂದು ವರ್ಷ ಬದುಕಿದ. ಮಗಳು ಕರೆದ ಸಭೆಗಳಲ್ಲಿ ಜನರ ನಡುವೆ ನೆಲಕ್ಕೆ ಕುಳಿತುಕೊಳ್ಳುತ್ತಿದ್ದ. ಪರವೂರಿನವರು ನೀವ್ಯಾರೆಂದು ಕೇಳಿದರೆ, "ಅಧ್ಯಕ್ಷರ ಅಪ್ಪ ರೀ," ಎಂದು ಕೈಮುಗಿಯುತ್ತಿದ್ದ.