ಕೊಡದ ಬಾಯಿಯ ಬಟ್ಟೆ

ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೊಂದು ಗದ್ದೆ. ಗದ್ದೆಯ ನೀರು ತೂಬಿನಿಂದ ಇಳಿದು ಅಳಿವೆಗೇ ಸೇರುತ್ತಿತ್ತು.

ಗದ್ದೆ ನೋಡಿಕೊಳ್ಳುವ ಶಿಷ್ಯ ವಾಮನನಿಗೆ ಏನು ಕಂಡರೂ ಪರೀಕ್ಷೆ ಮಾಡಬೇಕು. ನಾಟಿಯಾದಾಗಿನಿಂದ ಪೈರಿಗೆ ಹುಳದ ಔಷಧಿ ಹೊಡೆಯುತ್ತಲೇ ಇದ್ದ. ಪುಣ್ಯಾತ್ಮ, ತೂಬಿನ ಕೆಳಗಿನ ನೀರನ್ನು ನಾಲಿಗೆಗೂ ಹಚ್ಚಿ ನೋಡಿದ್ದ!

"ಗುರುಗಳೇ, ವಾಸನೆಯಿಲ್ಲ, ಕಹಿಯಿಲ್ಲ. ಒಂದು ಮೀನೂ ಸತ್ತಿಲ್ಲ. ಅಷ್ಟು ದೊಡ್ಡ ಅಳಿವೆಗೆ ಮುಚ್ಚಳದಷ್ಟು ಔಷಧಿ ಯಾವ ಲೆಕ್ಕ?"

ತೂಬಿನ ಕೆಳಗೆ ಕೆಸರಿನಲ್ಲಿ ಊರಿನ ಹೊನ್ನಮ್ಮ ಬೆಳಚು ಎಂಬ ಚಿಪ್ಪುಮೀನು ಆಯುತ್ತಿದ್ದಳು. ತುಂಬು ಬಸುರಿ. ದಿನಾ ಬೆಳಚಿನ ಸಾರೇ ಬೇಕೆಂಬುದು ಅವಳ ಬಯಕೆ.

ಗುರುಗಳು ಅವಳನ್ನೇ ನೋಡುತ್ತ ಕೇಳಿದರು, "ಬೆಳಚು ಹೇಗೆ ಉಣ್ಣುತ್ತದೋ?"

"ನೀರನ್ನು ಒಳಗೆಳೆದು ಸೋಸ್ತದೆ. ಸೋಸಿ ಉಳಿದದ್ದೇ ಅದರ ಊಟ. ಇಡೀ ದಿನ ಅದೇ ಕೆಲಸ."

"ಹಾಗೋ? ಕುಡಿಯುವ ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ತಾ."

ಹುಣ್ಣಿಮೆಗೊಮ್ಮೆ ಮಾತ್ರ ಆ ಬಟ್ಟೆ ಬದಲಿಸುವುದು ಆಶ್ರಮದ ರೂಢಿ. ಹುಣ್ಣಿಮೆ ಹತ್ತಿರ ಬಂದಿತ್ತು. ಗುರುಗಳು ಬಟ್ಟೆಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ ಹಿಂಡಿದರು. ನೀರು ರಾಡಿಯಾಯಿತು.

"ಕುಡಿ."

"ಅಯ್ಯಯ್ಯೋ! ಇದನ್ನಾ?"

"ಯಾಕೆ ಮಾರಾಯಾ? ದಿನಾ ಕೊಡಕ್ಕೆ ಸುರಿದ ನೀರಲ್ಲಿ ಇದ್ದದ್ದೇ ತಾನೆ? ಆಗ ನಿನ್ನ ಕಣ್ಣಿಗೆ ಬಿದ್ದಿತ್ತೇ?"

"ಇಲ್ಲ. ಬಾವಿ ನೀರು ತಿಳಿಯಾಗೇ ಇತ್ತು..."

ವಾಮನ ಲೋಟ ನೋಡಿದ. ಕೆಸರಿನತ್ತ ನೋಡಿದ. ಲೋಟ ಅಲ್ಲೇ ಬಿಟ್ಟು ಓಡಿದ.

"ಅಕ್ಕಾ, ಆ ಬೆಳಚು ತಿನ್ನಬೇಡ! ಗದ್ದೆಗೆ ಔಷಧಿ ಹೊಡೆದವನು ನಾನೇ. ಆ ವಿಷವೆಲ್ಲ ಅದರೊಳಗೆ ಕೂತಿದೆ."

ಹೊನ್ನಮ್ಮ ಬುಟ್ಟಿ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡಿದ್ದ, ಬೈಯಲಿಲ್ಲ. ಹೆದರಿದ್ದಳು.

"ಇವತ್ತಿಂದು ಚೆಲ್ತೆ, ತಮ್ಮಾ. ಇಷ್ಟು ದಿನ ತಿಂದದ್ದು?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ವಾಮನ ತಿರುಗಿ ಗುರುಗಳ ಹತ್ತಿರ ಬಂದ.

"ಇನ್ನು ಒಂದು ಹನಿ ಔಷಧಿಯನ್ನೂ ಮುಟ್ಟೋದಿಲ್ಲ, ಗುರುಗಳೇ. ಆದರೆ ಇಷ್ಟು ದಿನ ತಿಂದದ್ದು ಏನಾಯ್ತು ಅಂತ ಕೇಳ್ತಾಳೆ. ಅವಳಿಗೆ ಏನು ಹೇಳಲಿ?"

ಗುರುಗಳು ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ, ಕೊಡವಿ, ಬಿಸಿಲಿಗೆ ಹರವಿದರು.

"ಬಟ್ಟೆಯಾಗಿದ್ದರೆ ಹಿಂಡಬಹುದಿತ್ತು, ವಾಮನಾ."